ಪರದೆಯಲ್ಲಿ 20, ಕೈಯಲ್ಲಿ 19.7: ಡಿಸೈನ್ ಕಲಿಸುವಾಗ ಕಂಪ್ಯೂಟರ್ ಎಲ್ಲಿ, ಕೈಕೆಲಸ ಎಲ್ಲಿ?

ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಗೆ ನನ್ನ ಮೂವರು ವಿದ್ಯಾರ್ಥಿಗಳು ಹೊಸ ಹಿಡಿಕೆಯೊಂದನ್ನು ತೆಗೆದುಕೊಂಡು ಹೋದರು. ಮರಳು ಸೋಸುವ ಜರಡಿಗೆ ಹಾಕುವ ಹಿಡಿಕೆ ಅದು. ಮೂರು ವಾರ ಕಂಪ್ಯೂಟರ್ ಮುಂದೆ ಕೂತು ಅದರ ಆಕಾರ ಬಿಡಿಸಿದ್ದರು. ನಾಲ್ಕು ಬೆರಳಿಗೆ ನಾಲ್ಕು ತಗ್ಗು, ಹೆಬ್ಬೆರಳು ಊರುವುದಕ್ಕೆ ಒಂದು ಇಳಿಜಾರು. ಪ್ಲಾಸ್ಟಿಕ್ ಕರಗಿಸಿ ಪದರ ಪದರವಾಗಿ ವಸ್ತು ಕಟ್ಟುವ ತ್ರೀಡಿ ಪ್ರಿಂಟರಿನಿಂದ ಹೊರಗೆ ಬಂದಾಗ ನೋಡೋಕೆ ನಿಜವಾಗಿ ಚೆನ್ನಾಗಿತ್ತು. ಭಟ್ಟಿಯ ಬಾಯಿಯ ಹತ್ತಿರ ಸ್ವಲ್ಪ ಹೊತ್ತು ಇದ್ದದ್ದೇ ತಡ, ಮೆತ್ತಗಾಗಿ ಒಂದು ಕಡೆಗೆ ವಾಲಿತು.

ಕಾರಣ ಸರಳ. ಅಗ್ಗದ ತ್ರೀಡಿ ಪ್ರಿಂಟರಿನಲ್ಲಿ ಹೆಚ್ಚಾಗಿ ಬಳಸುವುದು ಪಿಎಲ್‌ಎ ಅನ್ನುವ ಪ್ಲಾಸ್ಟಿಕ್. ಅದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಬಿಗಿ ಕಳೆದುಕೊಳ್ಳುತ್ತದೆ. ಮಂಡಕ್ಕಿ ಅರಳಿಸುವ ಮರಳು ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಆ ಬಿಸಿಗೆ ಹತ್ತಿರ ಬಂದ ಹಿಡಿಕೆ ನಿಲ್ಲುವ ಮಾತೇ ಇಲ್ಲ. ವಿದ್ಯಾರ್ಥಿಗಳಿಗೆ ಈ 60ರ ಲೆಕ್ಕ ಗೊತ್ತಿರಲಿಲ್ಲ ಅಂತಲ್ಲ. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದರು. ಆದರೆ ಪರದೆಯ ಮೇಲೆ ಹಿಡಿಕೆ ತಿರುಗುತ್ತಿರುವಾಗ ಅದಕ್ಕೆ ಬಿಸಿಯೂ ಇಲ್ಲ, ತೂಕವೂ ಇಲ್ಲ. ಹಾಗಾಗಿ ನೆನಪಾಗಲಿಲ್ಲ.

ಬಗ್ಗಿದ್ದಕ್ಕಿಂತ ನನಗೆ ಜಾಸ್ತಿ ಮುಖ್ಯ ಅನ್ನಿಸಿದ್ದು ಅದಕ್ಕೂ ಮೊದಲು ಆದ ಇನ್ನೊಂದು ವಿಷಯ. ಭಟ್ಟಿ ಕೆಲಸದ ಹಿರಿಯರೊಬ್ಬರು ಆ ಹಿಡಿಕೆ ಹಿಡಿದು ನೋಡಿ, "ಈ ಉಬ್ಬು ಕೈಗೆ ಒತ್ತತಾವಲ್ಲೋ ತಮ್ಮಾ" ಅಂದರು. ಅವರ ಬೆರಳು ವಿದ್ಯಾರ್ಥಿಯ ಬೆರಳಿಗಿಂತ ದಪ್ಪ. ತಗ್ಗುಗಳ ನಡುವಿನ ಏಣು ಸರಿಯಾಗಿ ಬೆರಳಿನ ಮೂಳೆಗೇ ತಾಗುತ್ತಿತ್ತು. ಬೆರಳಿಗೆ ಅಂತ ಮಾಡಿದ ತಗ್ಗು ಒಂದೇ ಅಳತೆಯ ಕೈಗೆ ಹೊಂದುತ್ತದೆ, ಉಳಿದವರಿಗೆಲ್ಲ ಚುಚ್ಚುತ್ತದೆ. ಹಿಡಿಕೆ ಮಾಡುವವರಿಗೆ ಇದು ಮೊದಲನೇ ಪಾಠ. ಅದನ್ನು ನನ್ನ ವಿದ್ಯಾರ್ಥಿಗಳು ಮೂರು ವಾರ ತಡವಾಗಿ ಕಲಿತರು. ಮೊದಲ ದಿನವೇ ಒಂದು ಮುದ್ದೆ ಜೇಡಿಮಣ್ಣು ಹಿಡಿದು ಭಟ್ಟಿಗೆ ಹೋಗಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು.

ಆ ಒಂದು ಹಿಡಿಕೆ ಇಟ್ಟುಕೊಂಡೇ, ಇಂಡಸ್ಟ್ರಿಯಲ್ ಡಿಸೈನ್ ಕಲಿಸುವಾಗ ಕಂಪ್ಯೂಟರನ್ನೂ ಕೈಕೆಲಸವನ್ನೂ ಹೇಗೆ ಜೋಡಿಸಬೇಕು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು, ಇಂಡಸ್ಟ್ರಿಯಲ್ ಡಿಸೈನ್ ಅಂದರೆ ಏನು ಅಂತ ನಮ್ಮ ಊರ ಕಡೆ ಕೇಳುವವರು ಜಾಸ್ತಿ. ಮಿಕ್ಸಿಯನ್ನೇ ತೆಗೆದುಕೊಳ್ಳಿ. ಒಳಗಿನ ಮೋಟಾರು ಎಷ್ಟು ವೇಗವಾಗಿ ತಿರುಗಬೇಕು ಅನ್ನುವುದು ಇಂಜಿನಿಯರ್ ಕೆಲಸ. ಒದ್ದೆ ಕೈಯಲ್ಲಿ ಅದರ ಗುಂಡಿ ತಿರುಗಿಸಬಹುದೇ, ಜಾರ್ ಸರಿಯಾಗಿ ಕೂತಿದೆ ಅಂತ ನೋಡದೆಯೇ ಗೊತ್ತಾಗುತ್ತದೆಯೇ, ಕೆಟ್ಟರೆ ಬಿಚ್ಚಬಹುದೇ, ಸಾವಿರ ಸಂಖ್ಯೆಯಲ್ಲಿ ಅಚ್ಚು ಹಾಕಿ ತೆಗೆಯಲು ಬರುತ್ತದೆಯೇ, ಇವೆಲ್ಲ ಡಿಸೈನರ್ ಕೇಳಬೇಕಾದ ಪ್ರಶ್ನೆಗಳು. ಸ್ಪ್ರೇ ಪಂಪಿನ ಬೆಲ್ಟ್ ರೈತನ ಭುಜ ಕೊಯ್ಯದಂತೆ ಮಾಡುವುದೂ ಇದೇ ಕೆಲಸ.

ಭಾರತದಲ್ಲಿ ಈ ಓದಿಗೆ ದೊಡ್ಡ ಇತಿಹಾಸವೇನೂ ಇಲ್ಲ. 1958ರಲ್ಲಿ ಅಮೆರಿಕದ ಡಿಸೈನರುಗಳಾದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಬಾಯಿತುಂಬ ಹೊಗಳಿದ್ದು ನಮ್ಮ ಮನೆಯ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ಎತ್ತುವ ಕೈ ಎಷ್ಟು ದೊಡ್ಡದು, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ಮತ್ತು ಖಾಲಿಯಾದಾಗ ತೂಕ ಎಲ್ಲಿ ಕೂರುತ್ತದೆ ಅಂತ ಒಂದೊಂದಾಗಿ ಕೇಳುತ್ತಾ ಹೋಗಿದ್ದಾರೆ. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ಡಿಸೈನ್ ಕಲಿಸುವ ರಾಷ್ಟ್ರೀಯ ಸಂಸ್ಥೆ ಎನ್‌ಐಡಿ ಶುರುವಾಯಿತು. 1969ರಲ್ಲಿ ಮುಂಬೈ ಐಐಟಿಯಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್ (ಐಡಿಸಿ) ಬಂತು. ತಂಬಿಗೆ ಹಿಡಿದು ಕೇಳಿದ ಆ ಪ್ರಶ್ನೆಗಳಲ್ಲಿ ಒಂದಕ್ಕೂ ಪರದೆಯ ಮೇಲೆ ಮಾತ್ರ ನೋಡಿ ಉತ್ತರ ಹೇಳಲು ಆಗುವುದಿಲ್ಲ. ಈ ಮಾತು ನೆನಪಿನಲ್ಲಿ ಇರಲಿ.

ಎರಡು ಕೋಣೆ

ಇಂಜಿನಿಯರಿಂಗ್ ಓದಿದವರಿಗೆ ಈ ದೃಶ್ಯ ಗೊತ್ತಿರುತ್ತದೆ. ಮೊದಲ ವರ್ಷ ವರ್ಕ್‌ಶಾಪ್‌ನಲ್ಲಿ ಖಾಕಿ ಅಂಗಿ ಹಾಕಿಕೊಂಡು ಎರಡು ಕಬ್ಬಿಣದ ತುಂಡನ್ನು ಅರದಿಂದ ಉಜ್ಜುತ್ತೀರಿ. ಒಂದರಲ್ಲಿ 'ವಿ' ಆಕಾರದ ತಗ್ಗು, ಇನ್ನೊಂದರಲ್ಲಿ ಅದಕ್ಕೆ ಕೂರುವ ಉಬ್ಬು. ಅದೇ ವರ್ಷ ಬೇರೆ ಕಟ್ಟಡದಲ್ಲಿ, ಏಸಿ ಕೋಣೆಯಲ್ಲಿ, ಕಂಪ್ಯೂಟರಿನಲ್ಲಿ ಪಿರಮಿಡ್ಡು, ಪ್ರಿಸಮ್ಮು ಬಿಡಿಸುತ್ತೀರಿ. ಉಜ್ಜಿದ್ದನ್ನು ಬಿಡಿಸುವುದಿಲ್ಲ. ಬಿಡಿಸಿದ್ದನ್ನು ಉಜ್ಜುವುದಿಲ್ಲ. ಎರಡಕ್ಕೂ ಬೇರೆ ಮೇಷ್ಟ್ರು, ಬೇರೆ ಅಂಕ, ಬೇರೆ ದಿನ.

ನಾನು ಓದುವಾಗಲೂ ಹೀಗೇ ಇತ್ತು. ನನ್ನ 'ವಿ' ಫಿಟ್ಟಿಂಗ್ ಸಂದಿನಲ್ಲಿ ಬೆಳಕು ತೂರುತ್ತಿತ್ತು. ಮೇಷ್ಟ್ರು ಅಂಕ ಕಡಿಮೆ ಮಾಡಿದರು, ಅಲ್ಲಿಗೆ ಮುಗಿಯಿತು. ಆ ಸಂದು ಎಷ್ಟು ಮಿಲಿಮೀಟರ್, ಯಾವ ಕಡೆ ಜಾಸ್ತಿ, ಯಾಕೆ ಬಂತು ಅಂತ ಯಾರೂ ಕೇಳಲಿಲ್ಲ. ಅದನ್ನು ಅಳೆದು, ಅದೇ ತುಂಡನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಆ ಒಂದು ತುಂಡಿನಲ್ಲೇ ಒಂದು ಸೆಮಿಸ್ಟರಿನ ಪಾಠ ಇತ್ತು.

ಡಿಜಿಟಲ್ ಬೇಕೋ ಕೈಕೆಲಸ ಬೇಕೋ ಅಂತ ವಾದ ಮಾಡುವವರನ್ನು ನೋಡಿದಾಗ ನನಗೆ ಅನ್ನಿಸುವುದು ಇಷ್ಟೇ. ಎರಡೂ ಈಗಾಗಲೇ ನಮ್ಮಲ್ಲಿ ಇವೆ. ಇಲ್ಲದಿರುವುದು ಇದರಿಂದ ಅದಕ್ಕೆ ದಾಟುವ ದಾರಿ. ಒಂದು ವಸ್ತು ಕೈಯಿಂದ ಪರದೆಗೆ ಹೋಗುವಾಗ ಏನೋ ಒಂದು ಕಳೆದುಹೋಗುತ್ತದೆ. ಪರದೆಯಿಂದ ಕೈಗೆ ಬರುವಾಗ ಏನೋ ಒಂದು ಬದಲಾಗುತ್ತದೆ. ಆ ವ್ಯತ್ಯಾಸ ಅಳೆದು, ಯಾಕೆ ಅಂತ ಕೇಳುವಾಗಲೇ ವಿದ್ಯಾರ್ಥಿ ಡಿಸೈನ್ ಕಲಿಯುವುದು.

ಈ ಕಷ್ಟ ಹೊಸದಲ್ಲ. ಜರ್ಮನಿಯ ವೈಮಾರ್ ಊರಿನಲ್ಲಿ 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಬೌಹೌಸ್ ಅನ್ನುವ ಡಿಸೈನ್ ಶಾಲೆ ಶುರು ಮಾಡಿದಾಗ, ಪ್ರತಿ ವರ್ಕ್‌ಶಾಪಿಗೂ ಇಬ್ಬರು ಗುರುಗಳನ್ನು ಇಟ್ಟರು. ಒಬ್ಬ ಕಲಾವಿದ ಆಕಾರದ ಪಾಠಕ್ಕೆ, ಒಬ್ಬ ಕುಶಲಕರ್ಮಿ ಕೆಲಸದ ಪಾಠಕ್ಕೆ. ಎರಡೂ ಬಲ್ಲವರು ಆಗ ಸಿಗುತ್ತಿರಲಿಲ್ಲ. 1925ರಲ್ಲಿ ಶಾಲೆ ಡೆಸ್ಸೌಗೆ ಹೋದ ಮೇಲೆ, ಅಲ್ಲೇ ಎರಡನ್ನೂ ಕಲಿತ ವಿದ್ಯಾರ್ಥಿಗಳಲ್ಲಿ ಕೆಲವರು ಗುರುಗಳಾದರು. ಇಬ್ಬರನ್ನು ಇಡುವ ಅಗತ್ಯ ಕಡಿಮೆಯಾಯಿತು. ನಮ್ಮಲ್ಲೂ ಸದ್ಯಕ್ಕೆ ಇಬ್ಬರು ಗುರುಗಳು ಬೇಕು. ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಆಕಾರ ಬಿಡಿಸುವುದನ್ನು, ಕಲಿಸುವವರು ಒಬ್ಬರು, ಬಡಗಿಯೋ ಟರ್ನರೋ (ತಿರುಗುವ ಯಂತ್ರವಾದ ಲೇತ್ ಮೇಲೆ ಲೋಹ ಕಡೆಯುವವರು) ಒಬ್ಬರು. ಆದರೆ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ.

ಯಾವುದು ಮೊದಲು?

ಪೆನ್ಸಿಲ್ ಮೊದಲು. ಇದರಲ್ಲಿ ನನಗೆ ಅನುಮಾನ ಇಲ್ಲ.

ಅರ್ಧ ಗಂಟೆ ಕೊಟ್ಟರೆ ಒಬ್ಬ ವಿದ್ಯಾರ್ಥಿ ಕಾಗದದ ಮೇಲೆ ಇಪ್ಪತ್ತು ಹಿಡಿಕೆ ಗೀಚಬಲ್ಲ. ಅದೇ ಅರ್ಧ ಗಂಟೆಯಲ್ಲಿ ಕ್ಯಾಡ್‌ನಲ್ಲಿ ಒಂದು ಆಗುತ್ತದೆ. ಆ ಒಂದು ಎಷ್ಟು ನೀಟಾಗಿ ಕಾಣುತ್ತದೆ ಅಂದರೆ, ಕೆಲಸ ಮುಗಿದೇ ಹೋಯಿತು ಅನ್ನಿಸಿಬಿಡುತ್ತದೆ. ನೆರಳು ಬೀಳುತ್ತದೆ, ಹೊಳಪು ಬರುತ್ತದೆ. ಅದನ್ನು ಬಿಟ್ಟು ಬೇರೆ ಯೋಚಿಸಲು ಮನಸ್ಸು ಬರುವುದಿಲ್ಲ. ಕಣ್ಣ ಮುಂದೆ ಇರುವುದಕ್ಕೇ ಮನಸ್ಸು ಅಂಟಿಕೊಳ್ಳುವ ಈ ಗುಣಕ್ಕೆ ಡಿಸೈನ್ ಫಿಕ್ಸೇಶನ್ ಅಂತ ಹೆಸರು. ಜಾನ್ಸನ್ ಮತ್ತು ಸ್ಮಿತ್ ಅನ್ನುವ ಇಬ್ಬರು 1991ರಲ್ಲಿ ಇದರ ಬಗ್ಗೆ ಬರೆದರು. ಮೊದಲೇ ಒಂದು ಉದಾಹರಣೆ ತೋರಿಸಿದರೆ, ಅದರಲ್ಲಿನ ತಪ್ಪುಗಳೂ ಸೇರಿದಂತೆ ಡಿಸೈನರುಗಳ ಕೆಲಸದಲ್ಲಿ ಮತ್ತೆ ಬರುತ್ತವೆ ಅನ್ನುವುದನ್ನು ಅವರು ತೋರಿಸಿದರು. ಅಷ್ಟು ಬೇಗ ಮುಗಿದಂತೆ ಕಾಣುವ ಕ್ಯಾಡ್ ಚಿತ್ರದಿಂದಲೂ ಇದೇ ಆಗುವುದನ್ನು ತರಗತಿಯಲ್ಲಿ ನಾನು ಮತ್ತೆ ಮತ್ತೆ ನೋಡಿದ್ದೇನೆ.

ಪೆನ್ಸಿಲ್ ಆದ ಮೇಲೆ ರಟ್ಟು, ಥರ್ಮಾಕೋಲ್, ಜೇಡಿಮಣ್ಣು. ಅಂಗಡಿಯವರು ಎಸೆಯುವ ಟಿವಿ ಡಬ್ಬದ ರಟ್ಟು ಸಾಕು. ಇಲ್ಲಿ ಒಂದೇ ನಿಯಮ: ನಿಜವಾದ ಅಳತೆಯಲ್ಲೇ ಮಾಡಬೇಕು. ಪರದೆಯ ಮೇಲೆ ಚಮಚವೂ ನೀರಿನ ಟ್ಯಾಂಕೂ ಒಂದೇ ಗಾತ್ರ. ಮೌಸ್ ಚಕ್ರ ತಿರುಗಿಸಿದರೆ ಯಾವುದು ಬೇಕಾದರೂ ಪರದೆ ತುಂಬುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಬಿಡಿಸಿದ ಊಟದ ಡಬ್ಬಿ ಪರದೆಯಲ್ಲಿ ಮುದ್ದಾಗಿತ್ತು. ರಟ್ಟಿನಲ್ಲಿ ಮಾಡಿದಾಗ ಅದು ಶಾಲೆಯ ಬ್ಯಾಗಿನೊಳಗೆ ಹೋಗಲೇ ಇಲ್ಲ. ಐದು ರೂಪಾಯಿ ಖರ್ಚಿಲ್ಲದೆ ಆ ಸತ್ಯ ಸಿಕ್ಕಿತು.

ದೊಡ್ಡ ಕಾರು ಕಂಪನಿಗಳು ಇವತ್ತಿಗೂ ಕಾರಿನ ಪೂರ್ತಿ ಗಾತ್ರದ ಮಣ್ಣಿನ ಮಾದರಿ ಮಾಡುತ್ತವೆ. ಅವರ ಹತ್ತಿರ ಎಂಥ ಕಂಪ್ಯೂಟರ್ ಇಲ್ಲ ಹೇಳಿ! ಆದರೂ ಬಾನೆಟ್ಟಿನ ಉಬ್ಬಿನ ಮೇಲೆ ಅಂಗೈ ಸವರಿದಾಗ ತಿಳಿಯುವುದು ಪರದೆಯಲ್ಲಿ ತಿಳಿಯುವುದಿಲ್ಲ ಅಂತ ಅವರಿಗೆ ಗೊತ್ತು.

ಹಾಗಾದರೆ ಕಂಪ್ಯೂಟರ್ ಯಾತಕ್ಕೆ? ತುಂಬಾ ಕೆಲಸಕ್ಕೆ ಬೇಕು. ಇವತ್ತಿನ ಕ್ಯಾಡ್ ತಂತ್ರಾಂಶಗಳಲ್ಲಿ ಆಕಾರವು ಅಂಕಿಗಳ ಮೇಲೆ ನಿಂತಿರುತ್ತದೆ. ಹಿಡಿಕೆಯ ದಪ್ಪ 28 ಅಂತ ಬರೆದಿದ್ದನ್ನು 32 ಅಂತ ಬದಲಿಸಿದರೆ ಅದಕ್ಕೆ ಹೊಂದಿಕೊಂಡ ತೂತು, ಅಂಚು, ಬಳೆ ಎಲ್ಲವೂ ತಾವೇ ಸರಿದುಕೊಳ್ಳುತ್ತವೆ. ಕೈಯಲ್ಲಾದರೆ ಹೊಸ ಮರ ತೆಗೆದುಕೊಂಡು ಮೊದಲಿನಿಂದ ಶುರು ಮಾಡಬೇಕು. ಒಂದನ್ನು ಆರು ರೀತಿ ಬದಲಿಸಿ ನೋಡುವುದಕ್ಕೆ, ಅಚ್ಚಿಗೆ ಕೊಡುವ ಅಳತೆ ನಿಖರವಾಗಿ ಹಿಡಿಯುವುದಕ್ಕೆ, ಹರಿಹರದಲ್ಲಿ ಕೂತವರು ಕಳಿಸಿದ್ದನ್ನು ಕೊಯಮತ್ತೂರಿನಲ್ಲಿ ಕೂತವರು ತಪ್ಪಿಲ್ಲದೆ ಮಾಡುವುದಕ್ಕೆ ಕ್ಯಾಡ್‌ಗೆ ಸಾಟಿ ಇಲ್ಲ. ದುಡ್ಡಿನ ಚಿಂತೆಯೂ ಬೇಡ. ಫ್ರೀಕ್ಯಾಡ್, ಬ್ಲೆಂಡರ್ ಎರಡೂ ಉಚಿತ. ಹೊಸಬರಿಗೆ ಬ್ರೌಸರಿನಲ್ಲೇ ಓಡುವ ಟಿಂಕರ್‌ಕ್ಯಾಡ್ ಇದೆ.

ಕೈಯಿಂದ ಪರದೆಗೆ

ಮಣ್ಣಿನಲ್ಲಿ ಚೆನ್ನಾಗಿ ಕೂತ ಆಕಾರವನ್ನು ಕಂಪ್ಯೂಟರಿಗೆ ಒಯ್ಯುವುದು ಹೇಗೆ? ಹಳೆಯ ದಾರಿ ದಪ್ಪವನ್ನು ನಿಖರವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್ ಮತ್ತು ಗ್ರಾಫ್ ಹಾಳೆ. ಮಾದರಿಯನ್ನು ಹಾಳೆಯ ಮೇಲಿಟ್ಟು ಅಂಚು ಗೀಚಿ, ಎರಡು ಸೆಂಟಿಮೀಟರಿಗೊಂದು ಕಡೆ ದಪ್ಪ ಅಳೆಯುವುದು. ನಿಧಾನ, ಆದರೆ ವಿದ್ಯಾರ್ಥಿಗೆ ಆಕಾರ ಕಂಠಪಾಠ ಆಗುತ್ತದೆ.

ಹೊಸ ದಾರಿ ಫೋನು. ಮಾದರಿಯ ಸುತ್ತ ತಿರುಗುತ್ತಾ ಐವತ್ತು, ಅರವತ್ತು ಫೋಟೋ ತೆಗೆದರೆ ತಂತ್ರಾಂಶ ಅವನ್ನು ಹೊಂದಿಸಿ ತ್ರೀಡಿ ಆಕಾರ ಕಟ್ಟುತ್ತದೆ. ಇದಕ್ಕೆ ಫೋಟೋಗ್ರಾಮೆಟ್ರಿ ಅಂತಾರೆ. ಎರಡು ಎಚ್ಚರಿಕೆ. ಹೊಳೆಯುವ ವಸ್ತು ಸರಿಯಾಗಿ ಬರುವುದಿಲ್ಲ, ಬೆಳಕು ಜಾರುತ್ತದೆ. ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿದರೆ ಬರುತ್ತದೆ. ಇನ್ನೊಂದು, ಫೋಟೋಗೆ ಅಳತೆ ಗೊತ್ತಿಲ್ಲ. ಬಂದ ಆಕಾರ ಬೆರಳಿನಷ್ಟೋ ಬೆಟ್ಟದಷ್ಟೋ ಅದಕ್ಕೆ ಒಂದೇ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದು, ಆಮೇಲೆ ಅಳತೆ ಹೊಂದಿಸಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ಕ್ಯಾನ್ ಆಗಿ ಬಂದದ್ದು ಸಾವಿರಾರು ತ್ರಿಕೋನಗಳ ಒಂದು ಬಲೆ. ಅದು ಡಿಸೈನ್ ಅಲ್ಲ. ಮಣ್ಣಿನ ಮೇಲೆ ಉಗುರು ತಾಗಿದ ಗೀರೂ ಅದರಲ್ಲಿ ಇರುತ್ತದೆ, ಹೆಬ್ಬೆರಳು ಒತ್ತಿದ ಜಾಗವೂ ಇರುತ್ತದೆ. ಯಾವುದು ಬೇಕು, ಯಾವುದು ಸುಮ್ನೆ ಆದದ್ದು? ಅದನ್ನು ಯಂತ್ರ ಹೇಳುವುದಿಲ್ಲ. ವಿದ್ಯಾರ್ಥಿ ಆ ಬಲೆಯ ಮೇಲೆ ನಾಲ್ಕೈದು ಗೆರೆ ಮಾತ್ರ ಆರಿಸಿಕೊಂಡು ಹೊಸದಾಗಿ ಆಕಾರ ಕಟ್ಟಬೇಕು. ಈ ಆರಿಸುವ ಕೆಲಸವನ್ನು ನಾನು ಯಾವತ್ತೂ ಅವಸರ ಮಾಡಿಸುವುದಿಲ್ಲ. ಒಂದು ಇಡೀ ಮಧ್ಯಾಹ್ನ ಬಿಡುತ್ತೇನೆ. ಈ ಗೆರೆ ಯಾಕೆ ಇಟ್ಟೆ, ಆ ಉಬ್ಬು ಯಾಕೆ ಬಿಟ್ಟೆ ಅಂತ ಕೇಳುತ್ತೇನೆ.

ಪರದೆಯಿಂದ ಕೈಗೆ

ಈಗ ತಲೆಬರಹದ ಲೆಕ್ಕಕ್ಕೆ ಬರೋಣ. ಪರದೆಯಲ್ಲಿ 20 ಮಿ.ಮೀ. ತೂತು ಬಿಡಿಸಿ ಪ್ರಿಂಟ್ ಕೊಟ್ಟರೆ, ನಮ್ಮ ಪ್ರಿಂಟರಿನಲ್ಲಿ ಅದು ಸುಮಾರು 19.7 ಆಗಿ ಬರುತ್ತದೆ. 20ರ ರಾಡು ಒಳಗೆ ಹೋಗುವುದಿಲ್ಲ. ವಿದ್ಯಾರ್ಥಿಗಳು ಪ್ರಿಂಟರ್ ಕೆಟ್ಟಿದೆ ಅಂತ ತಿಳಿಯುತ್ತಾರೆ. ಕೆಟ್ಟಿಲ್ಲ. ಇದಕ್ಕೆ ಮೂರು ಕಾರಣ ಸೇರಿವೆ.

ಪ್ರಿಂಟರಿಗೆ ಕಳಿಸುವ ಎಸ್‌ಟಿಎಲ್ ಫೈಲಿನಲ್ಲಿ ದುಂಡನೆಯ ಗೆರೆ ಅನ್ನುವುದೇ ಇಲ್ಲ, ಎಲ್ಲವೂ ಚಪ್ಪಟೆ ತ್ರಿಕೋನ. ವೃತ್ತವು ಅನೇಕ ಮೂಲೆಗಳ ಆಕಾರ ಆಗುತ್ತದೆ. ಮೂಲೆಗಳು ವೃತ್ತದ ಮೇಲೆ ಇದ್ದರೂ ಅವನ್ನು ಸೇರಿಸುವ ಗೆರೆಗಳು ವೃತ್ತದ ಒಳಗೆ ಬೀಳುತ್ತವೆ. ತೂತು ಅಷ್ಟು ಚಿಕ್ಕದಾಯಿತು. ಎರಡನೆಯದು, ಕರಗಿದ ಪ್ಲಾಸ್ಟಿಕ್ ದಾರದ ಹಾಗೆ ಸುತ್ತು ಬರುವಾಗ ತಿರುವಿನ ಒಳಗಡೆಗೆ ಸ್ವಲ್ಪ ಎಳೆದುಕೊಳ್ಳುತ್ತದೆ. ಮೂರನೆಯದು, ಸುಮಾರು 200 ಡಿಗ್ರಿಯಲ್ಲಿ ಹೊರಬಂದ ಪ್ಲಾಸ್ಟಿಕ್ ತಣ್ಣಗಾಗುತ್ತಾ ಕುಗ್ಗುತ್ತದೆ.

ಇದನ್ನು ಬೋರ್ಡಿನ ಮೇಲೆ ಬರೆದು ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ನಾವು ಮಾಡುವುದು ಹೀಗೆ. ಒಂದು ಪಟ್ಟಿಯಲ್ಲಿ 20.1ರಿಂದ 20.6ರವರೆಗೆ ಆರು ತೂತು ಬಿಡಿಸಿ ಪ್ರಿಂಟ್ ಮಾಡುತ್ತೇವೆ. ಲೇತ್ ಮೇಲೆ ಸರಿಯಾಗಿ 20ಕ್ಕೆ ತಿರುವಿದ ಕಬ್ಬಿಣದ ರಾಡನ್ನು ಒಂದೊಂದಕ್ಕೂ ತೂರಿಸಿ ನೋಡುತ್ತಾರೆ. ಒಂದರಲ್ಲಿ ಹೋಗುವುದೇ ಇಲ್ಲ, ಒಂದರಲ್ಲಿ ಬಡಿದರೆ ಹೋಗುತ್ತದೆ, ಒಂದರಲ್ಲಿ ಬಿಗಿಯಾಗಿ ತಿರುಗುತ್ತದೆ, ಕೊನೆಯದರಲ್ಲಿ ಗಡಗಡ ಅಲ್ಲಾಡುತ್ತದೆ. ಆ ಪಟ್ಟಿಯನ್ನು ಪ್ರಿಂಟರಿನ ಪಕ್ಕ ಗೋಡೆಗೆ ನೇತು ಹಾಕಿದ್ದೇವೆ. ಮುಂದಿನ ಸಲ ಯಾರಾದರೂ ತೂತು ಬಿಡಿಸುವಾಗ ಎದ್ದು ಹೋಗಿ ಬೆರಳಿನಿಂದ ಮುಟ್ಟಿ ಬರುತ್ತಾರೆ.

ಆ ರಾಡು ತಿರುವಿಕೊಟ್ಟವರು ಹರಿಹರದ ಒಬ್ಬ ನಿವೃತ್ತ ಟರ್ನರ್. ನಮ್ಮ ಪಕ್ಕದ ಹರಿಹರ ಲೇತ್‌ಗೆ ಹೆಸರಾದ ಊರು. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅದರ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಇನ್ನೂ ಓಡುತ್ತಿವೆ. ಆ ಕಾರ್ಖಾನೆ ಈಗ ಇಲ್ಲ. ಅಲ್ಲಿನ ಕೈಗಳು ಇವೆ. ಆ ಟರ್ನರನ್ನು ತರಗತಿಗೆ ಕರೆದಾಗ ಒಬ್ಬ ಹುಡುಗ, "ಸರ್, 20ರ ತೂತಿಗೆ ರಾಡು ಎಷ್ಟಿರಬೇಕು?" ಅಂತ ಕೇಳಿದ. ಅವರು, "ಒಳಗೆ ಹೋಗೋದು ತಿರುಗಬೇಕೋ, ಕಚ್ಚಿ ಕೂಡ್ರಬೇಕೋ? ಅದನ್ನ ಮೊದ್ಲು ಹೇಳು, ಅಳತಿ ಆಮೇಲೆ" ಅಂದರು. ಪುಸ್ತಕದಲ್ಲಿ ಕ್ಲಿಯರೆನ್ಸ್ ಫಿಟ್ (ಸಡಿಲವಾಗಿ ತಿರುಗುವುದು), ಇಂಟರ್‌ಫಿಯರೆನ್ಸ್ ಫಿಟ್ (ಕಚ್ಚಿ ಕೂರುವುದು) ಅಂತ ಒಂದು ಅಧ್ಯಾಯವೇ ಇರುವುದು ಇದಕ್ಕೇ.

ಬಡಗಿಯೊಬ್ಬರು ಇನ್ನೊಂದು ಮಾತು ಹೇಳಿದರು. ಮುರಿದ ಒಂದು ಪ್ರಿಂಟನ್ನು ಕೈಗೆ ಕೊಟ್ಟಿದ್ದೆ. ತಿರುಗಿಸಿ ನೋಡಿ, "ಇದಕ್ಕೂ ನಾರೈತಲ್ರೀ" ಅಂದರು. ನಿಜ. ತ್ರೀಡಿ ಪ್ರಿಂಟ್ ಪದರದ ಮೇಲೆ ಪದರ ಕೂತು ಆಗುವುದು, ಒಂದೊಂದೂ 0.2 ಮಿ.ಮೀ. ಆಸುಪಾಸು. ಪದರಗಳ ನಡುವಿನ ಹಿಡಿತ ಯಾವಾಗಲೂ ಕಡಿಮೆ. ಕಟ್ಟಿಗೆ ನಾರಿನ ಉದ್ದಕ್ಕೆ ಸೀಳುವ ಹಾಗೆ ಇದೂ ಪದರದ ಗುಂಟ ಸೀಳುತ್ತದೆ. ಹಿಡಿಕೆಯನ್ನು ನಿಲ್ಲಿಸಿ ಪ್ರಿಂಟ್ ಮಾಡಿದರೆ ಪದರಗಳು ಅಡ್ಡಡ್ಡ ಬಂದು ಬಗ್ಗಿಸಿದಾಗ ಟಪ್ ಅಂತ ಮುರಿಯುತ್ತದೆ. ಮಲಗಿಸಿ ಮಾಡಿದರೆ ತಾಳುತ್ತದೆ. ನಾನು ಎರಡು ತರಗತಿ ತೆಗೆದುಕೊಂಡು ಹೇಳಿದ್ದು ಆ ಒಂದು ಮಾತಿನಲ್ಲಿ ಮಕ್ಕಳಿಗೆ ಕೂತುಬಿಟ್ಟಿತು.

ಲೇಸರ್ ಕಟ್ಟರ್ ವಿಷಯವೂ ಅಷ್ಟೇ. ಲೇಸರ್ ಹೋದ ದಾರಿಯಲ್ಲಿ ಒಂದಿಷ್ಟು ವಸ್ತು ಸುಟ್ಟುಹೋಗುತ್ತದೆ. ಆ ದಾರಿಯ ಅಗಲ ಲೆಕ್ಕಕ್ಕೆ ಹಿಡಿಯದಿದ್ದರೆ ಜೋಡಣೆ ಸಡಿಲ ಆಗುತ್ತದೆ. ಗರಗಸದ ಹಲ್ಲಿನ ದಪ್ಪ ಬಿಟ್ಟು ಗೆರೆ ಎಳೆಯುವುದು ಬಡಗಿಗಳಿಗೆ ತಲೆಮಾರುಗಳಿಂದ ಗೊತ್ತು. (ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ: ಪಿವಿಸಿ ಹಾಳೆಯನ್ನು ಲೇಸರ್‌ಗೆ ಯಾವತ್ತೂ ಕೊಡಬೇಡಿ. ಅದು ಸುಟ್ಟರೆ ಕ್ಲೋರಿನ್ ಇರುವ ವಿಷದ ಹೊಗೆ ಬರುತ್ತದೆ. ಯಂತ್ರವೂ ತುಕ್ಕು ಹಿಡಿಯುತ್ತದೆ.)

ಹೊಸ ಯಂತ್ರಗಳ ಕಟ್ಟಳೆಗಳಲ್ಲಿ ಎಷ್ಟೊಂದು ಹಳೆಯ ಕಸುಬಿನವರ ಬಾಯಲ್ಲಿ ಆಗಲೇ ಇವೆ. ಚಿತ್ರದುರ್ಗದ ಕೋಟೆಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವುದು ಇದೇ ಕಾರಣಕ್ಕೆ. ಅಲ್ಲಿ ಬಂಡೆಗಳ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ತೂತು ಕಾಣುತ್ತವೆ. ಬೆಣೆ ಹೊಡೆದು ಕಲ್ಲು ಸೀಳಲು ಮಾಡಿದ ಗುಳಿಗಳು. ಆ ಸಾಲು ಎಲ್ಲಿ ಹಾಕಬೇಕು ಅಂತ ತಿಳಿಯಲು ಕಲ್ಲು ಯಾವ ಕಡೆ ಸೀಳುತ್ತದೆ ಅಂತ ಮೊದಲು ಗೊತ್ತಿರಬೇಕು. ಅದನ್ನು ನೋಡಿ ಬಂದವರಿಗೆ ಪ್ರಿಂಟಿನ ಪದರದ ಪಾಠ ಬೇಗ ಹತ್ತುತ್ತದೆ.

ಕೋಣೆ, ದುಡ್ಡು, ಕರೆಂಟು

ಇದೆಲ್ಲ ದೊಡ್ಡ ಊರಿನ ಸಂಸ್ಥೆಗಳಿಗೆ ಮಾತ್ರ ಅನ್ನುವವರಿಗೆ ಒಂದು ಉದಾಹರಣೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಫ್ಯಾಬ್ ಲ್ಯಾಬ್ (ಕಂಪ್ಯೂಟರಿನಿಂದ ನಡೆಯುವ ಯಂತ್ರಗಳಿರುವ ಚಿಕ್ಕ ವರ್ಕ್‌ಶಾಪ್) ಅನ್ನುವ ಯೋಚನೆ ಆ ದೇಶದಿಂದ ಹೊರಗೆ ಮೊದಲು ಬಂದ ಜಾಗಗಳಲ್ಲಿ ಒಂದು ಪುಣೆ ಹತ್ತಿರದ ಪಾಬಳ ಅನ್ನುವ ಹಳ್ಳಿಯ ವಿಜ್ಞಾನ ಆಶ್ರಮ. ಅದು 2002ರ ಮಾತು.

ನಮ್ಮ ಊರಿನಲ್ಲಿ ಏನು ಕಡಿಮೆ ಇದೆ? ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು 1951ರಿಂದ ಇದೆ. ಇನ್ನೊಂದು ಇಂಜಿನಿಯರಿಂಗ್ ಕಾಲೇಜು ಬಿಐಇಟಿ 1979ರಿಂದ ಇದೆ. ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಚಿತ್ರ, ಶಿಲ್ಪ ಕಲಿತವರು ಇದ್ದಾರೆ. ಹರಿಹರದಲ್ಲಿ ಉಪಕರಣ ತಯಾರಿ ಕಲಿಸುವ ಸರ್ಕಾರಿ ಸಂಸ್ಥೆ ಜಿಟಿಟಿಸಿ ಇದೆ. ಎಷ್ಟೋ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್ ಬಂದು ಪ್ರಿಂಟರ್ ಕೂತಿದೆ. ಇಂಜಿನಿಯರಿಂಗ್ ಹುಡುಗರು ಶಿಲ್ಪದ ಹುಡುಗರ ಪಕ್ಕ ಒಂದು ದಿನ ಕೂತು ಮಣ್ಣು ಕಲಸಿದರೆ ಸಾಕು, ಕೆಲಸ ಶುರುವಾಗುತ್ತದೆ.

ದುಡ್ಡಿನ ವಿಷಯ: ಕಲಿಯಲು ಸಾಕಾಗುವ ಪ್ರಿಂಟರ್ ಇಪ್ಪತ್ತು, ಮೂವತ್ತು ಸಾವಿರಕ್ಕೆ ಸಿಗುತ್ತದೆ. ಒಂದು ಕಿಲೋ ಪ್ಲಾಸ್ಟಿಕ್ ದಾರಕ್ಕೆ ಸುಮಾರು ಸಾವಿರ ರೂಪಾಯಿ. ಒಳ್ಳೆಯ ಕ್ಯಾಲಿಪರ್ ಮಾತ್ರ ಇಬ್ಬರಿಗೊಂದು ಇರಲಿ. ಅದರಲ್ಲಿ ಉಳಿಸಲು ಹೋಗಬೇಡಿ. ಆರು ಗಂಟೆಯ ಪ್ರಿಂಟ್ ಐದನೇ ಗಂಟೆಯಲ್ಲಿ ಕರೆಂಟ್ ಹೋಗಿ ಹಾಳಾದ ನೋವು ಇಲ್ಲಿ ಎಲ್ಲರಿಗೂ ಗೊತ್ತು. ಯುಪಿಎಸ್ ಬೇಕು, ಜೊತೆಗೆ ದೊಡ್ಡ ವಸ್ತುವನ್ನು ತುಂಡು ಮಾಡಿ ಪ್ರಿಂಟ್ ಮಾಡಿ ಜೋಡಿಸುವ ಅಭ್ಯಾಸವೂ ಬೇಕು. ಮರದ ಧೂಳು ಕಂಪ್ಯೂಟರಿಗೆ ಆಗುವುದಿಲ್ಲ, ಹಾಗಂತ ಎರಡನ್ನೂ ಬೇರೆ ಕಟ್ಟಡಕ್ಕೆ ಹಾಕಬೇಡಿ. ನಡುವೆ ಒಂದು ಗಾಜಿನ ಗೋಡೆ, ಒಂದು ಬಾಗಿಲು ಸಾಕು. ಈ ಕಡೆಯಿಂದ ಆ ಕಡೆ ಕಾಣಬೇಕು. ದಿನಕ್ಕೆ ಹತ್ತು ಸಲ ಆ ಬಾಗಿಲು ದಾಟಬೇಕು.

ಹಾಕಿಕೊಂಡರೆ ಬಿಡಿಸಿದ ಜಾಗದ ಒಳಗೇ ಇದ್ದಂತೆ ತೋರಿಸುವ ವಿಆರ್ ಕನ್ನಡಕದ ಬಗ್ಗೆ ಕೇಳುತ್ತಾರೆ. ಬಸ್ಸಿನ ಒಳಭಾಗದಂಥ ದೊಡ್ಡ ಜಾಗಗಳಿಗೆ ಒಳ್ಳೆಯದು. ಕೈಯಲ್ಲಿ ಹಿಡಿಯುವ ವಸ್ತುಗಳಿಗೆ ಅಷ್ಟಾಗಿ ಬೇಡ. ಎಐ ಬಿಡಿಸುವ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಸ್ವಂತ ಇಪ್ಪತ್ತು ಸ್ಕೆಚ್ ಮತ್ತು ಒಂದು ಮಣ್ಣಿನ ಮಾದರಿ ಆದ ಮೇಲೆ ಬಳಸಲಿ. ಮೊದಲೇ ಬಳಸಿದರೆ, ಆಗ ಹೇಳಿದ ಅಂಟಿಕೊಳ್ಳುವ ರೋಗ ಇನ್ನೂ ಜಾಸ್ತಿ ಆಗುತ್ತದೆ. ಆ ಚಿತ್ರದಲ್ಲಿರುವ ವಸ್ತುವಿಗೆ ಸ್ಕ್ರೂ ಎಲ್ಲಿ ಬರುತ್ತದೆ, ಅಚ್ಚಿನಿಂದ ಹೇಗೆ ಬಿಡಿಸಿಕೊಳ್ಳುತ್ತದೆ ಅಂತ ಕೇಳಿದರೆ ಚಿತ್ರದಲ್ಲಿ ಉತ್ತರ ಸಿಗುವುದಿಲ್ಲ.

ಅಂಕ ಕೊಡುವ ರೀತಿ ಬದಲಾಗದಿದ್ದರೆ ಇದ್ಯಾವುದೂ ನಡೆಯುವುದಿಲ್ಲ. ಕೊನೆಯ ಹೊಳೆಯುವ ಚಿತ್ರಕ್ಕೆ ಅಂಕ ಇದ್ದರೆ ಮಕ್ಕಳು ಹೊಳೆಯುವ ಚಿತ್ರವನ್ನೇ ತರುತ್ತಾರೆ. ನಾನು ಮುರಿದ ಮಾದರಿಗಳನ್ನೂ ಮೇಜಿನ ಮೇಲೆ ಸಾಲಾಗಿ ಇಡಲು ಹೇಳುತ್ತೇನೆ. ಪ್ರತಿಯೊಂದರ ಪಕ್ಕ ಒಂದು ಚೀಟಿ: ಪರದೆಯಲ್ಲಿ ಎಷ್ಟಿತ್ತು, ಕೈಯಲ್ಲಿ ಎಷ್ಟು ಬಂತು, ಯಾಕೆ, ಮುಂದೆ ಏನು ಬದಲಿಸಿದೆ. ಒಟ್ಟು ಅಂಕದಲ್ಲಿ ಅರ್ಧ ಆ ಚೀಟಿಗಳಿಗೆ.

ಮತ್ತೆ ಭಟ್ಟಿಗೆ

ಬಗ್ಗಿದ ಹಿಡಿಕೆ ಹಿಡಿದುಕೊಂಡು ಬಂದ ಮೂವರನ್ನು ಮತ್ತೆ ಮೊದಲಿನಿಂದ ಶುರು ಮಾಡಿಸಿದೆ. ಈ ಸಲ ಮೊದಲ ವಾರ ಕಂಪ್ಯೂಟರ್ ಮುಟ್ಟುವಂತಿಲ್ಲ. ಭಟ್ಟಿಯಲ್ಲಿ ಕೂತು ನೋಡಿದರು, ಗೀಚಿದರು. ಎರಡನೇ ವಾರ ಹಳೆಯ ಜರಡಿಯ ಕಬ್ಬಿಣದ ರಾಡಿಗೆ ಉದ್ದಕ್ಕೂ ಜೇಡಿಮಣ್ಣು ಮೆತ್ತಿಕೊಂಡು ಹೋದರು. ಬೆಂಕಿ ಆರಿದ ಹೊತ್ತಿನಲ್ಲಿ ಐದು ಜನ ಕೆಲಸದವರು ಒಬ್ಬೊಬ್ಬರಾಗಿ ಅದನ್ನು ಹಿಡಿದು, ಮಂಡಕ್ಕಿ ಎತ್ತಿ ಸೋಸುವ ಹಾಗೆ ಮಾಡಿ ತೋರಿಸಿದರು. ಮಣ್ಣಿನ ಮೇಲೆ ಗುರುತು ಬಿದ್ದದ್ದು ಒಂದು ಕಡೆ ಅಲ್ಲ, ಎರಡು ಕಡೆ. ಎತ್ತುವಾಗ ಒಂದು ಕೈ ಜರಡಿಯ ಹತ್ತಿರಕ್ಕೆ ಜಾರುತ್ತದೆ, ಅಲ್ಲಾಡಿಸುವಾಗ ಹಿಂದಕ್ಕೆ ಬರುತ್ತದೆ. ಮೊದಲ ಸಲ ಪರದೆಯ ಮುಂದೆ ಕೂತಾಗ ಇವರು ಒಂದೇ ಹಿಡಿತಕ್ಕೆ ಹಿಡಿಕೆ ಮಾಡಿದ್ದರು.

ಆಮೇಲೆ ಕ್ಯಾಡ್. ಭಾರತೀಯರ ದೇಹದ ಅಳತೆಗಳ ಒಂದು ಪುಸ್ತಕವನ್ನು ಎನ್‌ಐಡಿ 1997ರಲ್ಲೇ ಹೊರತಂದಿದೆ. ಅಂಗೈ ಅಳತೆಗೆ ಅದನ್ನು ನೋಡಿಕೊಂಡು 28, 32, 36 ಮಿ.ಮೀ. ಮೂರು ದಪ್ಪ, ಎರಡು ಉದ್ದ ಆರಿಸಿಕೊಂಡರು. ಆರು ಹಿಡಿಕೆ ಬಿಡಿಸಲು ಒಂದು ಗಂಟೆಯೂ ಆಗಲಿಲ್ಲ. ಅವನ್ನು ಪಿಎಲ್‌ಎಯಲ್ಲೇ ಪ್ರಿಂಟ್ ಮಾಡಿ, ಬೆಂಕಿಯಿಂದ ದೂರ, ಆಕಾರ ನೋಡಲಿಕ್ಕೆ ಮಾತ್ರ ಹಿಡಿಸಿದರು. ಹೆಚ್ಚಿನವರು 32 ಆರಿಸಿದರು. ಆ ಅಳತೆಗೆ ಜಾಲಿ ಮರದಲ್ಲಿ ಲೇತ್ ಮೇಲೆ ತಿರುವಿಸಿ, ತುದಿಗೆ ಕಬ್ಬಿಣದ ಬಳೆ ಹಾಕಿಸಿ, ಬೆರಳಿನ ತಗ್ಗು ಒಂದೂ ಇಲ್ಲದೆ ಕೊಟ್ಟು ಬಂದರು.

ಎರಡು ವಾರ ಬಿಟ್ಟು ಹೋದಾಗ ಮುಂದಿನ ಹಿಡಿತದ ಮೇಲೆ ಯಾರೋ ಹಳೆಯ ಬಟ್ಟೆಯ ಪಟ್ಟಿ ಸುತ್ತಿದ್ದರು. ಬೆವರು ಹೀರುತ್ತದೆ, ಬಿಸಿಯೂ ತಾಗುವುದಿಲ್ಲ ಅಂದರು. ಹಿಂದಿನ ಹಿಡಿತ ಹಾಗೇ ಬರಿದಾಗಿತ್ತು. ಮೂವರಲ್ಲಿ ಒಬ್ಬಳಾದ ಹುಡುಗಿ ಬ್ಯಾಗಿನಿಂದ ಕ್ಯಾಲಿಪರ್ ತೆಗೆದು ಬಟ್ಟೆಯ ಮೇಲಿನಿಂದಲೇ ಅಳೆದಳು. 35.5. ಬಟ್ಟೆ ಬಿಚ್ಚದೆ, ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದನ್ನೂ ಬರೆದುಕೊಂಡರು. ಸಂಜೆ ಫೈಲ್ ತೆಗೆದು ಹಿಂದಿನ 32ನ್ನು ಹಾಗೇ ಬಿಟ್ಟರು. ಮುಂದೆ, ಸರಿಯಾಗಿ ಆ ಪಟ್ಟಿ ಸುತ್ತಿದ್ದ ಉದ್ದಕ್ಕೆ, ಬಟ್ಟೆ ಜಾರದೆ ಕೂರುವಷ್ಟು ಆಳದ ಒಂದು ತಗ್ಗು ಬಿಡಿಸಿದರು.